ಹೊಂಬಾಳಮ್ಮ ನೆನೆದ ಗಂಡ

ವೈದ್ಯನಾಥಪುರದ ಪುಟ್ಟಮಾದಯ್ಯನಿಗೆ ಸತ್ತ ಮೇಲೆ ಬಂದಷ್ಟು ಒಳ್ಳೆಯ ಹೆಸರು ಬದುಕಿದ್ದಾಗ ಬಂದಿರಲಿಲ್ಲ. ಅದು ಅವನ ಹೆಂಡತಿ ಹೊಂಬಾಳಮ್ಮ ಒಬ್ಬಳೇ ಸಂಪಾದಿಸಿಕೊಟ್ಟ ಹೆಸರು. ನಾಟಿ ಹಾಕುವ ಗದ್ದೆಯಲ್ಲಿ, ಹೊಳೆಯಲ್ಲಿ ಬಟ್ಟೆ ಒಗೆಯುವಾಗ, ಯಾರದೋ ಮದುವೆಗೆ ಹಪ್ಪಳ ಒತ್ತಲು ಕೂತಾಗ, ನಾಲ್ಕು ಹೆಂಗಸರು ಸೇರಿದರೆ ಸಾಕು, ಆಕೆ ಗಂಡನ ಮಾತು ತೆಗೆಯುತ್ತಿದ್ದಳು.

"ಒಂದಿನ ಲೇ ಅಂದೋರಲ್ಲ ಕಣಮ್ಮಿ. ಕೈ ಎತ್ತೋದಿರ್ಲಿ, ದನಿ ಎತ್ನಿಲ್ಲ ನನ್ ಮ್ಯಾಲೆ" ಎನ್ನುವಳು. ಆಮೇಲೆ ಹೊಳೆಯ ಕತೆ. ತವರಿನಿಂದ ಬರುವಾಗ ಶಿಂಷೆ ಕೆಂಪಗೆ ತುಂಬಿ ಹರಿಯುತ್ತಿತ್ತಂತೆ. ಹರಿಗೋಲಿನವನು ಒಲ್ಲೆ ಎಂದನಂತೆ. ಪುಟ್ಟಮಾದಯ್ಯ ಹೆಂಡತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಿನಲ್ಲಿ ದಾಟಿಸಿದನಂತೆ. "ಸೀರೆ ಅಂಚೂ ನೆನೀನಿಲ್ಲ" ಎಂದು ಹೊಂಬಾಳಮ್ಮ ಹೇಳಿ ಮುಗಿಸುವಾಗ ಹೊಸದಾಗಿ ಮದುವೆಯಾದ ಹುಡುಗಿಯರು ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು.

ನಾಲೆಯ ನೀರು ಬಂದ ಹೊಸದರಲ್ಲಿ ಮಂಡ್ಯ ಮದ್ದೂರಿನ ಸುತ್ತ ಹರಡಿದ ಚಳಿಜ್ವರದಲ್ಲಿ ಪುಟ್ಟಮಾದಯ್ಯ ಹೋಗಿದ್ದ. ಮಗ ಚಿಕ್ಕಣ್ಣ ಮಂಡ್ಯದ ಸರ್ಕಾರಿ ಬೇಸಾಯದ ಫಾರಂನಲ್ಲಿ ಆಳುಗಳ ಮೇಲೆ ಮೇಸ್ತ್ರಿ. ವಾರಕ್ಕೊಮ್ಮೆ ಮದ್ದೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ನಡೆದು ಊರು ಸೇರುತ್ತಿದ್ದ. ಮನೆಯಲ್ಲಿ ಹೊಂಬಾಳಮ್ಮ, ಸೊಸೆ ಇಂದ್ರಮ್ಮ, ಒಂದು ಪುಟ್ಟ ಮೊಮ್ಮಗಳು. ಚಿಕ್ಕಣ್ಣನಿಗಿಂತ ಎಷ್ಟೋ ವರ್ಷ ಕಿರಿಯಳಾದ ಮಗಳು ಮಲ್ಲಿಗಮ್ಮನನ್ನು ಮಳವಳ್ಳಿಯ ಆಚೆ ಪೂರಿಗಾಲಿಗೆ ಕೊಟ್ಟಿತ್ತು. ಎರಡು ಜೊತೆ ಎತ್ತಿನ ಮನೆ. ಬೀಗ ಮುದ್ದಯ್ಯ ಊರಿನಲ್ಲಿ ನ್ಯಾಯ ಹೇಳುವ ಕುಳ. ಅಳಿಯ ಮರಿಸಿದ್ದಯ್ಯ ನೋಡಲು ಲಕ್ಷಣವಾಗಿದ್ದ.

ಯುದ್ಧದ ಕಾಲ. ಸೀಮೆಎಣ್ಣೆಗೆ, ಬಟ್ಟೆಗೆ ಪರದಾಡುತ್ತಿದ್ದ ದಿನಗಳು. ಆ ವರ್ಷ ಗೌರಿ ಹಬ್ಬಕ್ಕೆ ತಂಗಿಯನ್ನು ಕರೆದುಕೊಂಡು ಬರಲು ಚಿಕ್ಕಣ್ಣ ರಜೆ ಕೇಳಿಕೊಂಡಿದ್ದ. ಅವನು ಹೊರಡುವ ಮೊದಲೇ ಮಲ್ಲಿಗಮ್ಮ ಒಂದು ಮಧ್ಯಾಹ್ನ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗಂಟಿರಲಿಲ್ಲ.

"ಯಾಕ್ ಮಗಾ, ಒಬ್ಳೇ ಬಂದೆ? ಅಣ್ಣ ಬತ್ತಿದ್ನಲ್ಲ ಕರಿಯಾಕೆ?"

ಮಲ್ಲಿಗಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಒಳಗೆ ಬಂದು ಗೋಡೆಗೆ ಒರಗಿ ಕೂತಳು. "ನಾನಿನ್ನು ಆ ಮನ್ಗೆ ಓಗಾಕಿಲ್ಲ ಕಣವ್ವ. ಒಡೀತಾನೆ."

"ಯಾರು?"

"ಇನ್ಯಾರು? ನಿನ್ನಳಿಯ."

ಹೊಂಬಾಳಮ್ಮನ ಬಾಯಿಂದ ಮೊದಲು ಬಂದ ಮಾತು, "ನೀನೇನ್ ಮಾಡ್ದೆ?"

"ಮುದ್ದೆ ಆರೋಗಿತ್ತು ಅಂತ ಒಂದಿನ. ಬಾವಿ ತಾವು ಯಾರ ಜೊತೇಲೋ ನಗ್ತಿದ್ದೆ ಅಂತ ಒಂದಿನ. ಕುಡ್ಕೊಂಡು ಬಂದಾಗ ಕಾರಣಾನೇ ಬ್ಯಾಡ."

ಇಂದ್ರಮ್ಮ ನೀರು ತಂದುಕೊಟ್ಟಳು. ಹೊಂಬಾಳಮ್ಮ ಮಗಳ ತಲೆ ಸವರಿದಳು, ಕಣ್ಣಲ್ಲಿ ನೀರೂ ತಂದುಕೊಂಡಳು. ಆದರೆ ಆಡಿದ ಮಾತು ಬೇರೆಯದೇ. "ನೋಡು ಕೂಸೆ, ಗಂಡಸ್ರು ಉಟ್ತಾ ಯಾರೂ ಕೆಟ್ಟೋರಲ್ಲ. ನಿಮ್ಮಪ್ಪಾರ್ನ ಕಂಡಿದ್ದೀಯಲ್ಲ, ಎಂಗಿದ್ರು? ಯಾಕಂಗಿದ್ರು ಯೋಳು? ನಾನು ಅವ್ರ ಮನಸ್ ನೋಡ್ಕೊಂಡು ನಡೀತಿದ್ದೆ. ಎದ್ರು ಮಾತಾಡ್ತಿರ್ನಿಲ್ಲ. ನೀನೂ ಅಂಗೇ ನಡ್ಕೊ, ಅವ್ನೂ ಅಂಗೇ ಆಯ್ತಾನೆ."

ಮಲ್ಲಿಗಮ್ಮ ಕಂಡ ಅಪ್ಪ ನಿಜವಾಗಿಯೂ ಸಾಧು. ಸಂತೆಯಿಂದ ಬರುವಾಗ ಅವಳಿಗೆ ಕಡಲೆಮಿಠಾಯಿ ತರುತ್ತಿದ್ದ, ಎತ್ತಿಗೂ ಚಾಟಿ ಬೀಸದೆ ಬಾಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದ. ಅಂಥ ಅಪ್ಪನ ಮಗಳಿಗೆ ಇಂಥ ಗಂಡ ಸಿಕ್ಕಿದರೆ ತಪ್ಪು ತನ್ನದೇ ಇರಬೇಕೇನೋ ಎಂದು ಅವಳಿಗೂ ಅನ್ನಿಸತೊಡಗಿತು.

ಹಬ್ಬದ ಹಿಂದಿನ ದಿನ ಮದ್ದೂರಿನಿಂದ ರಹಮತ್ ಬೀ ಬಂದಳು. ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಬಳೆ ತೊಡಿಸುವುದು ಅವಳ ಕಸುಬು. ಅವಳ ಅತ್ತೆ ತೊಡಿಸುತ್ತಿದ್ದಳು, ಅತ್ತೆ ಹೋದ ಮೇಲೆ ಇವಳು ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡಳು. ಊರವರೆಲ್ಲ ಬೀಬಮ್ಮ ಎನ್ನುತ್ತಿದ್ದರು. ಹೊಂಬಾಳಮ್ಮ ಮದುವಣಗಿತ್ತಿಯಾಗಿ ಈ ಊರಿಗೆ ಬಂದಾಗಿನಿಂದ ಗಂಡ ಸತ್ತು ಬಳೆ ತೆಗೆಯುವವರೆಗೂ ಆಕೆಯ ಕೈಗೆ ಬಳೆ ಏರಿಸಿದವಳು ಈ ಬೀಬಮ್ಮನೇ.

ಜಗಲಿಯ ಮೇಲೆ ಇಂದ್ರಮ್ಮನಿಗೆ ಹಸಿರು ಬಳೆ ತೊಡಿಸಿದ್ದಾಯಿತು. "ಈ ಸಲ ಇಷ್ಟೇ ಬಣ್ಣ. ಯುದ್ಧದಿಂದ ಗಾಜೇ ಬರ್ತಾ ಇಲ್ಲ" ಎಂದು ಹೇಳುತ್ತಾ ರಹಮತ್ ಬೀ ಮಲ್ಲಿಗಮ್ಮನ ಬಲಗೈ ಮುಗಿಸಿದಳು. ಎಡಗೈ ಹಿಡಿದುಕೊಂಡವಳು ಗೆಣ್ಣು ಅಮುಕುವುದನ್ನು ನಿಲ್ಲಿಸಿದಳು. ಮಣಿಕಟ್ಟು ಊದಿತ್ತು. ಒಳಮೈಯಲ್ಲಿ ಸಣ್ಣ ಸಣ್ಣ ಗಾಯಗಳು ಕಪ್ಪಗೆ ಹಕ್ಕಳೆ ಕಟ್ಟಿದ್ದವು.

"ಬಳೆ ಇದ್ದ ಕೈ ಹಿಡಿದು ತಿರುವಿದ್ದಾನೆ. ಗಾಜು ಒಳಗೆ ಹೋಗಿದೆ."

"ಬಿದ್ದವ್ಳೆ" ಎಂದಳು ಹೊಂಬಾಳಮ್ಮ ಬಾಗಿಲಿನಿಂದ.

ರಹಮತ್ ಬೀ ತಲೆ ಎತ್ತಲಿಲ್ಲ. "ನೀವೂ ಹೀಗೇ ಬಿದ್ದಿದ್ರಿ ಅಕ್ಕಾ."

ಹೊಂಬಾಳಮ್ಮನ ಎಡಗೈ ಮಣಿಕಟ್ಟು ಸೊಟ್ಟಗಿರುವುದು, ರೊಟ್ಟಿ ತಟ್ಟುವಾಗ ಪೂರ್ತಿ ತಿರುಗದಿರುವುದು ಎಲ್ಲರಿಗೂ ಗೊತ್ತು. ಒರಳಕಲ್ಲಿನ ಮೇಲೆ ಬಿದ್ದದ್ದು ಎಂಬುದೂ ಎಲ್ಲರಿಗೂ ಗೊತ್ತು.

"ನಾನು ಒರಳ ಮ್ಯಾಲೆ ಬಿದ್ದಿದ್ದು ಬೀಬಮ್ಮ."

"ಊರಿಗೆ ಹಾಗೆ ಹೇಳಿದ್ರಿ. ಆವತ್ತು ಕೈ ಊದಿ ಬಳೆ ಒಳಗೆ ಹೂತುಹೋಗಿತ್ತು. ಹರಳೆಣ್ಣೆ ಹಚ್ಚಿ ಒಂದೊಂದಾಗಿ ನಾನೇ ಒಡೆದು ತೆಗೆದೆ. ಆಗ ನನ್ನ ತೊಡೆ ಮೇಲೆ ತಲೆ ಇಟ್ಟು ನೀವು ಹೇಳಿದ್ದು ಬೇರೆ. ಚಿಕ್ಕಣ್ಣ ಹುಟ್ಟಿದ ವರ್ಷ, ರಾಗಿ ಕೊಯ್ಲು ನಡೀತಿತ್ತು..."

ಹೊಂಬಾಳಮ್ಮನಿಗೆ ಹಿಡಿಯಲು ಒಂದು ತುದಿ ಸಿಕ್ಕಿತು. "ಚಿಕ್ಕಣ್ಣ ಉಟ್ಟಿದ್ ವರ್ಸವಾ? ಆ ವರ್ಸ ರಾಗಿ ಕೊಯ್ಲಲ್ಲಿ ನಾನು ಈ ಊರಲ್ಲೇ ಇರ್ನಿಲ್ಲ! ಬಾಣಂತನಕ್ಕೆ ಓಗಿ ತವರಲ್ಲಿದ್ದೆ. ನೋಡಿದ್ರೇನ್ರಮ್ಮಿ, ಎಂಗ್ ಸುಳ್ ಯೋಳ್ತಾಳೆ!"

ರಹಮತ್ ಬೀ ಗಲಿಬಿಲಿಗೊಂಡಳು. ವರ್ಷ ಯಾವುದೆಂದು ಬೆರಳು ಮಡಿಸಿ ನೋಡಿದಳು, ಆಗಲಿಲ್ಲ. "ವರ್ಷ ತಪ್ಪಿರಬಹುದು ಅಕ್ಕಾ. ಕೈ ನಿಮ್ಮದೇ."

"ಸತ್ತು ದೇವ್ರಾದೋರ ಮ್ಯಾಲೆ ಇಲ್ದಿದ್ನೆಲ್ಲಾ ಯೋಳಾಕೆ ನಿನ್ಗೆ ಎಂಗ್ ಬಾಯ್ ಬಂತು? ನನ್ನ ಮಗಳ ಸಂಸಾರ ಆಳ್ ಮಾಡಾಕ್ ಬಂದಿದ್ದೀಯಾ? ಇನ್ಮ್ಯಾಲೆ ನನ್ನ ಜಗಲಿ ಅತ್ತಬ್ಯಾಡ."

ರಹಮತ್ ಬೀ ಮಲಾರ ಸುತ್ತಿಕೊಂಡು ಎದ್ದಳು. ಹೋಗುವಾಗ ಮಲ್ಲಿಗಮ್ಮನ ಕೆನ್ನೆ ಮುಟ್ಟಿ ಹೋದಳು, ಅಷ್ಟೆ.

ಹೊಂಬಾಳಮ್ಮ ಆ ಹೊತ್ತು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಒರಳಕಲ್ಲು ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ನೆಲ ಸಾರಿಸಿ ಇನ್ನೂ ಒಣಗಿರಲಿಲ್ಲ, ಕಾಲು ಜಾರಿತು, ಕಲ್ಲಿನ ಅಂಚು ಮಣಿಕಟ್ಟಿಗೆ ಬಡಿಯಿತು. ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಳೆಂದರೆ ಬಿದ್ದ ನೋವು ಕೂಡ ಅವಳಿಗೆ ನೆನಪಿತ್ತು. ಗಂಡನ ಕೊನೆಯ ಹದಿನೈದು ವರ್ಷ ಒಳ್ಳೆಯದಾಗಿತ್ತು. ಆ ಒಳ್ಳೆಯ ವರ್ಷಗಳೇ ಹಿಂದಕ್ಕೆ ಹರಡಿಕೊಂಡು ಮೊದಲಿನ ವರ್ಷಗಳನ್ನೂ ಮುಚ್ಚಿಬಿಟ್ಟಿದ್ದವು.

ಹಬ್ಬ ಮುಗಿದ ಮೇಲೆ ಚಿಕ್ಕಣ್ಣನ ಜೊತೆ ಮಾಡಿ ಮಗಳನ್ನು ಪೂರಿಗಾಲಿಗೆ ಕಳಿಸಿದಳು. ಚಿಕ್ಕಣ್ಣ ಹಿಂದುಮುಂದು ನೋಡಿದ. "ಇನ್ನೊಂದೆಲ್ಡ್ ತಿಂಗ್ಳು ಇರ್ಲಿ ಬುಡವ್ವ" ಎಂದ. ಅವ್ವನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಮಲ್ಲಿಗಮ್ಮ ಅಳಲಿಲ್ಲ. ಬಸ್ಸು ಹತ್ತುವಾಗ ಊರಿನ ಕಡೆ ತಿರುಗಿಯೂ ನೋಡಲಿಲ್ಲವೆಂದು ಚಿಕ್ಕಣ್ಣ ಬಂದು ಹೇಳಿದ.

ಅದಾದ ಮೇಲೆ ಹೊಂಬಾಳಮ್ಮ ಗಂಡನ ಮಾತನ್ನು ಮೊದಲಿಗಿಂತ ಹೆಚ್ಚಾಗಿ ಆಡತೊಡಗಿದಳು. ಯಾರೂ ಕೇಳದಿದ್ದರೂ ಆಡುವಳು. ಒಂದು ದಿನ ಹೊಳೆಯಲ್ಲಿ ಬಟ್ಟೆ ಸೆಣೆಯುತ್ತಾ ಹೆಗಲ ಮೇಲೆ ಹೊಳೆ ದಾಟಿಸಿದ ಕತೆ ಹೇಳುತ್ತಿದ್ದಾಗ, ಪಕ್ಕದ ಕಲ್ಲಿನಲ್ಲಿದ್ದ ನೆರೆಮನೆಯ ಮರಿತಾಯಮ್ಮ, "ಅಲ್ಲಾ ಕಣಮ್ಮಿ, ಓದ್ ಸಲ ಯೋಳ್ದಾಗ ನಿನ್ನ ಮಡ್ಲಲ್ಲಿ ಚಿಕ್ಕಣ್ಣನೂ ಇದ್ದ. ಈ ಸಲ ಮದ್ವೆ ಆದ್ ವರ್ಸ ಅಂತೀಯ. ಯಾವ್ದು ದಿಟ?" ಎಂದು ನಕ್ಕಳು. ಕೆಡುಕಿನ ನಗುವಲ್ಲ. ಆದರೂ ಹೊಂಬಾಳಮ್ಮ ಕೈಯಲ್ಲಿದ್ದ ಸೀರೆ ಹಿಡಿದುಕೊಂಡು ಹಾಗೇ ನಿಂತಳು. ಮಡಿಲಲ್ಲಿ ಕೂಸಿತ್ತೇ ಇರಲಿಲ್ಲವೇ ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಕೂಸಿದ್ದರೆ ಅದನ್ನು ಹಿಡಿದುಕೊಂಡು ಗಂಡನ ತಲೆಯನ್ನು ಹೇಗೆ ಹಿಡಿದುಕೊಂಡಿದ್ದಳು?

ರಾಗಿ ಒಕ್ಕಣೆ ಮುಗಿದಾಗ ಚಿಕ್ಕಣ್ಣ ರಜೆ ಹಾಕಿ ಬಂದ. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ ಒಂದಿತ್ತು, ಮೇಲಿನಿಂದ ರಾಗಿ ತುಂಬಿ ಕೆಳಗಿನ ಕಿಂಡಿಯಿಂದ ತೆಗೆದುಕೊಳ್ಳುವಂಥದು. ಹೊಸ ರಾಗಿ ಹಾಕುವ ಮೊದಲು ಅದನ್ನು ಗುಡಿಸಿ ಒಳಗೆ ಬೇವಿನ ಸೊಪ್ಪು ಹರಡಬೇಕು. ಏಣಿ ಹಾಕಿಕೊಂಡು ಗುಡಿಸುತ್ತಿದ್ದ ಚಿಕ್ಕಣ್ಣ ತನ್ನ ಮಗಳನ್ನು ಎತ್ತಿ ಒಳಗೆ ಇಳಿಸಿದ. ಮಗು ಒಳಗಿನಿಂದ ಕೂಗಿ ತನ್ನ ದನಿ ತಿರುಗಿ ಕೇಳಿಸುವುದಕ್ಕೆ ನಗುತ್ತಿತ್ತು. ಚಿಕ್ಕಣ್ಣನೂ ನಕ್ಕ.

"ನಾನೂ ಇದ್ರೊಳ್ಗೇ ಬೆಳ್ದೋನು ಕಣೆ" ಎಂದ ಹೆಂಡತಿಗೆ. "ನಮ್ಮವ್ವ ನನ್ನ ಇದ್ರೊಳ್ಗೆ ಕೂರ್ಸಿ ಆಟ ಆಡ್ಸೋದು."

"ಅದ್ಯಾವ ಆಟ?" ಎಂದಳು ಇಂದ್ರಮ್ಮ.

"ಕಣ್ಣಾಮುಚ್ಚೆ. ಸಂಜೆ ಅಪ್ಪ ಬರೋ ಒತ್ಗೆ ಅವ್ವ ನನ್ನ ಎತ್ತಿ ಒಳಗಾಕಿ ಮುಚ್ಳ ಮುಚ್ಚೋದು. 'ಉಸ್ರು ಬುಡಬ್ಯಾಡ, ಅಪ್ಪ ಕಂಡಿಡುದ್ರೆ ನೀನು ಸೋತಂಗೆ' ಅನ್ನೋದು. ಅಪ್ಪಾನೂ ಚೆನ್ನಾಗಿ ಆಡೋದು ಕಣೆ! ಮಡಕೆ ಕುಡಿಕೆ ಎಲ್ಲಾ ಉಳ್ಳಾಡ್ಸಿ ಉಡ್ಕೋದು. ಆ ಸದ್ದು ಕೇಳ್ಕೊಂಡು ನಾನು ಒಳ್ಗೆ ಬಾಯಿ ಮುಚ್ಕೊಂಡು ಕುಂತಿರೋನು. ಒಂದ್ ಸಲಾನೂ ಅಪ್ಪ ನನ್ನ ಕಂಡಿಡೀನಿಲ್ಲ. ಒಂದಿನ ಅಲ್ಲೇ ನಿದ್ದೆ ಓಗ್ಬುಟ್ಟಿದ್ದೆ."

ಅಡಿಗೆಮನೆಯ ಬಾಗಿಲಲ್ಲಿ ಹೊಂಬಾಳಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ನಿಂತಿತು. ಮಗ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಮಡಕೆಗಳು ಉರುಳಿದ್ದು ಸರಿ, ಸಂಜೆಯ ಹೊತ್ತು ಸರಿ, ಉಸಿರು ಬಿಡಬೇಡ ಎಂದದ್ದು ಸರಿ. ಆಟ ಒಂದೇ ಸುಳ್ಳು. ಬೀದಿಯ ತಿರುವಿನಲ್ಲಿ ಗಂಡನ ಕೆಮ್ಮು ಕೇಳಿಸುತ್ತಿದ್ದಂತೆ, ಆ ಕೆಮ್ಮಿನಲ್ಲೇ ಅವನು ಎಷ್ಟು ಹೆಂಡ ಕುಡಿದಿದ್ದಾನೆಂದು ತಿಳಿಯುತ್ತಿತ್ತು. ಆಗ ಹುಡುಗನನ್ನು ಎತ್ತಿ ಒಳಗೆ ಹಾಕುತ್ತಿದ್ದಳು. ಒಮ್ಮೆ ಎಡಗೈಯಲ್ಲಿ ಶಕ್ತಿಯೇ ಇಲ್ಲದೆ ಒಂದೇ ಕೈಯಲ್ಲಿ ಅವನನ್ನು ಏಣಿ ಹತ್ತಿಸಿದ್ದು, ಮುಚ್ಚಳ ಎಳೆದುಕೊಳ್ಳಲು ಆಗದೆ ಹಲ್ಲು ಕಚ್ಚಿದ್ದು ಈಗ ಬಂದು ಎದುರಿಗೆ ನಿಂತಿತು. ಚಿಕ್ಕಣ್ಣ ಹುಟ್ಟಿದ ವರ್ಷವಲ್ಲ. ಅವನು ಓಡಾಡುವಂತಾಗಿ, ಮಾತು ಕಲಿತ ಮೇಲೆ. ಬೀಬಮ್ಮ ವರ್ಷ ಮಾತ್ರ ತಪ್ಪಿದ್ದಳು.

"ಲೋ ಚಿಕ್ಕಣ್ಣ" ಎಂದಳು. ದನಿ ಅವಳಿಗೇ ಗುರುತು ಸಿಗದಂತಿತ್ತು. "ಆಟ ಮುಗ್ದ ಮ್ಯಾಲೆ ನಿನ್ನ ತೆಗೀತಿದ್ನಲ್ಲಾ, ಆಗ ನಾನೆಂಗಿದ್ದೆ?"

"ನಗ್ತಿದ್ದೆ ಕಣವ್ವ. ಯಾವಾಗ್ಲೂ ನಗ್ತಿದ್ದೆ. 'ನೀನೇ ಗೆದ್ದೆ' ಅಂತಿದ್ದೆ."

ಹೊಂಬಾಳಮ್ಮ ಮೊರ ಕೆಳಗಿಟ್ಟು ಹಿತ್ತಲಿಗೆ ಹೋದಳು. ತುಂಬ ಹೊತ್ತು ಒಳಗೆ ಬರಲಿಲ್ಲ. ಇಂದ್ರಮ್ಮ ಹೋಗಿ ನೋಡಿದಾಗ ಒರಳಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಯಾರಿಗೂ ಬಿಡಿಸಿ ಹೇಳದೆ, "ಮಗಳ ನೋಡ್ಕೊಂಡ್ ಬತ್ತೀನಿ" ಎಂದು ಮದ್ದೂರಿಗೆ ನಡೆದು ಮಳವಳ್ಳಿಯ ಬಸ್ಸು ಹತ್ತಿದಳು. ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಏರು ಬಂದ ಕಡೆ ಜನ ಇಳಿದು ನಡೆಯಬೇಕಾಗಿತ್ತು. ಮಳವಳ್ಳಿಯಿಂದ ಪೂರಿಗಾಲಿಗೆ ಒಂದು ಗಾಡಿ ಸಿಕ್ಕಿತು. ದಾರಿಯುದ್ದಕ್ಕೂ ಅವಳು ಮಗಳಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದಳು. ಜೋಡಿಸಿದ್ದೆಲ್ಲ ಮಲ್ಲಿಗಮ್ಮನನ್ನು ಕಂಡ ಕೂಡಲೇ ಮರೆತುಹೋಯಿತು.

ಮಲ್ಲಿಗಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅವ್ವನನ್ನು ನೋಡಿ ಎದ್ದು ನಿಂತಳು. ಮುಂದಿನ ಒಂದು ಹಲ್ಲು ಇರಲಿಲ್ಲ.

"ಇದೇನ್ ಮಗಾ?"

"ನೀರ್ ಒತ್ಕೊಂಡ್ ಬರುವಾಗ ಜಾರ್ ಬಿದ್ದೆ ಕಣವ್ವ. ಬಾವಿ ತಾವು ಪಾಚಿ."

ಗೌರಿ ಹಬ್ಬದಲ್ಲಿ 'ಒಡೀತಾನೆ' ಎಂದು ನೇರವಾಗಿ ಹೇಳಿದ್ದ ಹುಡುಗಿ ಇವಳು. ಈಗ ಪಾಚಿಯ ಬಣ್ಣವನ್ನೂ ಹೇಳುವಷ್ಟು ಸಲೀಸಾಗಿ ಹೇಳಿದಳು. ಇನ್ನು ಹತ್ತು ವರ್ಷಕ್ಕೆ ಇವಳೂ ಅದನ್ನು ನಂಬುತ್ತಾಳೆ ಎಂದು ಹೊಂಬಾಳಮ್ಮನಿಗೆ ಅನ್ನಿಸಿತು.

"ನಾನೂ ಒರಳ ಮ್ಯಾಲೆ ಬಿದ್ದೆ ಅಂತಿದ್ದೆ ಕೂಸೆ. ಬಿದ್ದಿರ್ನಿಲ್ಲ. ಬೀಬಮ್ಮ ಯೋಳಿದ್ದೇ ದಿಟ. ನಿಮ್ಮಪ್ಪ ತಿರುವಿದ್ದು."

ಮಲ್ಲಿಗಮ್ಮ ಅವ್ವನನ್ನು ದಿಟ್ಟಿಸಿ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. "ಮತ್ಯಾಕ್ ನನ್ನ ಕಳ್ಸಿದೆ?"

"ಗೊತ್ತಿರ್ನಿಲ್ಲ ಕಣವ್ವ."

"ನಿನ್ನ ಕೈ ನಿಂಗೇ ಗೊತ್ತಿರ್ನಿಲ್ವಾ?"

ಹೊಂಬಾಳಮ್ಮ ಮಗಳ ಸಗಣಿಯ ಕೈಯನ್ನೇ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಜಗಲಿಯ ಮೇಲೆ ಮುದ್ದಯ್ಯ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅವನ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು. ಹೊಂಬಾಳಮ್ಮ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಕಳಿಸುವುದಿಲ್ಲ ಎಂದಳು.

ಮುದ್ದಯ್ಯ ಜಗಳಗಂಟನಲ್ಲ. ಸಮಾಧಾನವಾಗಿಯೇ ಮಾತಾಡಿದ. "ಕುಂತ್ಕಳಿ ಬೀಗಿತ್ತಿ. ಉಡುಗ, ಬಿಸಿ ರಕ್ತ. ನಾನೂ ಬುದ್ದಿ ಯೋಳ್ತೀನಿ. ತಾಳ್ಕೊಂಡ್ರೆ ಎಲ್ಲಾ ಸರೋಯ್ತದೆ. ನಿಮ್ಮೆಜಮಾನ್ರು ಎಂಥಾ ದೇವ್ರಂತೋರು ಅಂತ ನೀವೇ ಯೋಳ್ತಿದ್ರಲ್ಲ. ನಮ್ಮನೇಲೂ ಅಷ್ಟೆ, ನಾನು ಇವ್ಳ ಮ್ಯಾಲೆ ಒಂದಿನ ಕೈ ಮಾಡಿದೋನಲ್ಲ. ಕೇಳಿ ಬೇಕಾದ್ರೆ."

ಒಳಬಾಗಿಲಲ್ಲಿದ್ದ ಅವನ ಹೆಂಡತಿ ನೆಲ ನೋಡಿದಳು.

"ನಮ್ಮೆಜಮಾನ್ರು ಒಡೀತಿದ್ರು ಬೀಗ್ರೆ" ಎಂದಳು ಹೊಂಬಾಳಮ್ಮ. ಮದುವೆಯಾದಂದಿನಿಂದ ಆ ಮಾತನ್ನು ಗಂಡಸರ ಎದುರಿಗೆ ಆಡಿದ್ದು ಅದೇ ಮೊದಲು. "ಕುಡ್ದು ಬಂದು ಒಡೀತಿದ್ರು. ಆಮ್ಯಾಲೆ ನಿಲ್ಸಿದ್ರು. ನಾನು ಮನಸ್ ನೋಡ್ಕೊಂಡು ನಡ್ದಿದ್ದಕ್ಕೆ ಅವ್ರು ಒಳ್ಳೇವ್ರಾಗಿದ್ರು ಅಂತ ಊರೆಲ್ಲಾ ಯೋಳ್ಕೊಂಡ್ ಬಂದೆ. ಅಲ್ಲ. ಅವ್ರಿಗೆ ಒಟ್ಟೆನೋವು ಬಂತು. ಇನ್ನೊಂದ್ ತೊಟ್ಟು ಕುಡುದ್ರೆ ಸಾಯ್ತೀಯ ಅಂದ್ರು ಡಾಕ್ಟ್ರು. ಅದಕ್ಕೆ ನಿಂತಿದ್ದು. ನಿಮ್ಮಗನ್ಗೆ ಒಟ್ಟೆನೋವು ಬರೋ ಗಂಟ ನನ್ನ ಮಗಳು ಇಲ್ಲಿ ಇರಾಕಿಲ್ಲ."

ಮರಿಸಿದ್ದಯ್ಯ ಗದ್ದೆಯಿಂದ ಬಂದವನು ದಾರಿಗೆ ಅಡ್ಡ ನಿಂತು, ಹೆಂಡತಿಯನ್ನು ಹೆಸರು ಹಿಡಿದು ಕೂಗಿದ. ಮುದ್ದಯ್ಯನೇ ಮಗನನ್ನು ತಡೆದ. ನ್ಯಾಯ ಹೇಳುವ ಮನೆಯ ಮುಂದೆ ಅಕ್ಕಪಕ್ಕದವರು ಸೇರುತ್ತಿದ್ದರು. "ಓಗ್ಲಿ ಬುಡ್ಲಾ. ನಾಲ್ಕ್ ದಿನ ಇದ್ದು ಬತ್ತಾಳೆ" ಎಂದ. ತಾಯಿ ಮಗಳು ಮಳವಳ್ಳಿಯವರೆಗೆ ನಡೆದೇ ಬಂದರು. ಮಲ್ಲಿಗಮ್ಮ ದಾರಿಯಲ್ಲಿ ಒಂದೇ ಮಾತು ಕೇಳಿದಳು, ಅಪ್ಪ ತರುತ್ತಿದ್ದ ಮಿಠಾಯಿಯಾದರೂ ನಿಜವೇ ಎಂದು. "ಅದು ದಿಟ ಕಣವ್ವ" ಎಂದಳು ಹೊಂಬಾಳಮ್ಮ. "ಅದು ನೀನೇ ತಿಂದಿದ್ದಲ್ವಾ."

ನಾಲ್ಕು ದಿನ ಹೋಗಿ ವರ್ಷವಾಯಿತು. ಮರಿಸಿದ್ದಯ್ಯ ಎರಡು ಸಲ ಬಂದು ಕರೆದ. ಮೊದಲ ಸಲ ಮಲ್ಲಿಗಮ್ಮ ಹಿತ್ತಲಿನಲ್ಲಿ ಅವಿತುಕೊಂಡಳು. ಎರಡನೆಯ ಸಲ ಬಾಗಿಲಿಗೆ ಬಂದು ಬರುವುದಿಲ್ಲ ಎಂದು ಅವನಿಗೇ ಹೇಳಿದಳು. ಆಮೇಲೆ ಅವನು ಇನ್ನೊಂದು ಮದುವೆ ಮಾಡಿಕೊಂಡನೆಂದು ಸುದ್ದಿ ಬಂತು. ಅವತ್ತು ಹೊಂಬಾಳಮ್ಮ ಆ ಮನೆಗೆ ಹೊಸದಾಗಿ ಬಂದ ಹುಡುಗಿಗಾಗಿ ಅತ್ತಳು.

ಮನೆಯಲ್ಲಿ ಎಲ್ಲ ಸುಲಭವಾಗಲಿಲ್ಲ. ತಂಗಿ ಬಂದದ್ದಕ್ಕೆ ಚಿಕ್ಕಣ್ಣನಿಗೆ ಬೇಸರವಿರಲಿಲ್ಲ. ಆದರೆ ವಾಡೆಯ ಆಟ ಏನೆಂದು ಅವ್ವ ಬಿಡಿಸಿ ಹೇಳಿದಾಗ ಅವನು ಮುಖ ಕೆಂಪು ಮಾಡಿಕೊಂಡು ಎದ್ದ.

"ನಾನಿದ್ನಲ್ಲವ್ವ ಒಳ್ಗೆ. ನಂಗ್ ಗ್ಯಾಪ್ಕ ಅದೆ. ಆಟಾನೇ ಅದು. ತಂಗಿ ಇಲ್ಲೇ ಇರ್ಲಿ, ಯಾರ್ ಬ್ಯಾಡ ಅಂದ್ರು? ಅದ್ಕೆ ಅಪ್ಪನ್ನ ಯಾಕ್ ಕೆಟ್ಟೋನ್ ಮಾಡ್ತೀಯ?"

"ಕೆಟ್ಟೋನು ಅಂತ ನಾನೆಲ್ಲಂದೆ?"

"ಮತ್ತೇನಂದೆ?"

ಆಮೇಲೆ ಚಿಕ್ಕಣ್ಣ ಕೆಲವು ವಾರ ಊರಿಗೇ ಬರಲಿಲ್ಲ. ಬಂದ ಮೇಲೆ ಆ ಮಾತು ಎತ್ತಲಿಲ್ಲ. ತನ್ನ ಮಗಳಿಗೆ ಮಾತ್ರ ವಾಡೆಯ ಕತೆಯನ್ನು ಮೊದಲಿನಂತೆಯೇ ಹೇಳುತ್ತಿದ್ದ. ಹೊಂಬಾಳಮ್ಮ ಕೇಳಿಸಿಕೊಂಡೂ ತಿದ್ದಲಿಲ್ಲ. ಅವನು ಸೋಲದಿರಲಿ ಎಂದೇ ಅಲ್ಲವೇ ಅವತ್ತು ನಕ್ಕಿದ್ದು.

ಅವಳು ಒಂದು ದಿನ ಮದ್ದೂರಿಗೆ ಹೋಗಿ ರಹಮತ್ ಬೀಯ ಮನೆ ಹುಡುಕಿದಳು. ಇಷ್ಟು ವರ್ಷಗಳಲ್ಲಿ ಆ ಮನೆಗೆ ಹೋದವಳಲ್ಲ. ರಹಮತ್ ಬೀ ಚಾಪೆ ಹಾಕಿ ಕೂರಿಸಿದಳು. ಹೊಂಬಾಳಮ್ಮ ಹೇಳಬೇಕಾದ್ದನ್ನು ಬಿಟ್ಟು, "ಜಗಲಿ ಕಡೆ ಬರ್ನೇ ಇಲ್ವಲ್ಲ ಬೀಬಮ್ಮ" ಎಂದಳು.

"ನೀವೇ ಬರಬೇಡ ಅಂದ್ರಿ."

"ಅಂದೆ. ನಂಗೇನ್ ತಿಳೀತದೆ. ಬಾ."

ರಹಮತ್ ಬೀ "ನನಗೂ ಆಮೇಲೆ ಹೆದರಿಕೆ ಆಗಿತ್ತು ಅಕ್ಕಾ. ವರ್ಷ ತಪ್ಪಿದ ಮೇಲೆ, ಬೇರೆ ಯಾರ ಕೈಯನ್ನೋ ನಿಮ್ಮ ಕೈ ಅಂದುಕೊಂಡೆನಾ ಅಂತ. ಎಷ್ಟು ಊರು, ಎಷ್ಟು ಕೈ..." ಎಂದಳು.

ಹೊಂಬಾಳಮ್ಮ ಅವಳನ್ನೇ ನೋಡಿದಳು. ಹಾಗೂ ಆಗಬಹುದಿತ್ತು ಎಂಬುದು ಅವಳಿಗೆ ಹೊಳೆದಿರಲಿಲ್ಲ. "ನಿಮ್ಮೋರು ಒಡೀತಿದ್ರಾ ಬೀಬಮ್ಮ?"

"ಇಲ್ಲ ಅಕ್ಕಾ, ಹೊಡೀಲಿಲ್ಲ. ದುಡಿದೂ ತರಲಿಲ್ಲ" ಎಂದಳು ರಹಮತ್ ಬೀ. ಇಬ್ಬರೂ ನಕ್ಕರು.

ಮಲ್ಲಿಗಮ್ಮ ಊರಿನಲ್ಲಿ ಕೂತು ಉಣ್ಣಲು ಒಪ್ಪಲಿಲ್ಲ. ಚಿಕ್ಕಣ್ಣ ಹೇಳಿ ಫಾರಂನಲ್ಲಿ ಭತ್ತದ ಬಿತ್ತನೆ ಬೀಜ ಆರಿಸುವ ಹೆಂಗಸರ ಜೊತೆ ಕೆಲಸಕ್ಕೆ ಹಾಕಿಸಿದ. ಮೊದಮೊದಲು ಅಣ್ಣನ ಜೊತೆ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಯುದ್ಧ ಮುಗಿದ ಮೇಲೆ ಮಂಡ್ಯದಲ್ಲೇ ಕೆಲಸದವರ ಮನೆಗಳ ಸಾಲಿನಲ್ಲಿ ಒಂದು ಕೋಣೆ ಹಿಡಿದಳು. ಅವ್ವನ ಮೇಲಿನ ಸಿಟ್ಟು ಪೂರ್ತಿ ಹೋಗಿತ್ತೆಂದು ಹೇಳಲಾಗದು. ಕೆಲವೊಮ್ಮೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಡುತ್ತಿದ್ದಳು. ಹೊಂಬಾಳಮ್ಮ ಅದನ್ನು ಸಹಿಸಿಕೊಳ್ಳುತ್ತಿದ್ದಳು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಹೊಂಬಾಳಮ್ಮ ಮಗಳ ಜೊತೆ ಇರಲೆಂದು ಮಂಡ್ಯಕ್ಕೆ ಬಂದಳು. ಸಂಜೆ ಮಲ್ಲಿಗಮ್ಮ ಬರುವ ಮುಂಚೆ ಸಾಲಿನ ಹೆಂಗಸರು ನಲ್ಲಿಯ ಹತ್ತಿರ ಸೇರುತ್ತಿದ್ದರು. ಹೊಸದಾಗಿ ಸಂಸಾರ ಹೂಡಿದ ಪಕ್ಕದ ಮನೆಯ ಹುಡುಗಿ ಒಬ್ಬಳು ಸೊಂಟದಲ್ಲಿ ಕೊಡ ಇಟ್ಟುಕೊಂಡು, ಮಾತಿಗೆ ಮಾತು ಬಂದು, "ಅಜ್ಜಿ, ನಿಮ್ಮೆಜಮಾನ್ರು ಎಂಗಿದ್ರು?" ಎಂದು ಕೇಳಿದಳು.

ಹೊಂಬಾಳಮ್ಮನ ಬಾಯಿಗೆ ರೂಢಿಯಾಗಿದ್ದ ಮಾತು ತಾನೇ ಬರಲು ನೋಡಿತು. ಅದನ್ನು ತಡೆದು ನಿಲ್ಲಿಸಿ, ಯೋಚಿಸಿ ಹೇಳಿದಳು.

"ಒಡೀತಿದ್ರು. ಆಮ್ಯಾಲೆ ಒಳ್ಳೇವ್ರಾದ್ರು. ಎಲ್ಡೂ ದಿಟ. ಸುಮಾರು ಮರ್ತೂ ಓಗ್ಯದೆ, ಗ್ಯಾಪ್ಕ ಇರೋದೂ ಎಷ್ಟು ಸರಿಯೋ ಕಾಣೆ. ಕೊಡ ಇಳ್ಸಿ ಕುಂತ್ಕೊ ಮಗಾ, ನಿಧಾನ್ವಾಗಿ ಯೋಳ್ತೀನಿ."

ಹುಡುಗಿ ಕೊಡ ಇಳಿಸಿ ಪಕ್ಕದಲ್ಲಿ ಕೂತಳು.